ಪಿಕಪ್‌ಗೆ ವ್ಹೀಲ್ ಸ್ಪೇಸರ್: ಹಾಕಿಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಸ್ಪೇಸರ್ ಬಗ್ಗೆ. ಗೊತ್ತಿಲ್ಲದವರಿಗೆ ಒಂದು ಮಾತು. ಹಬ್‌ಗೂ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದಿರುವ ಭಾಗ) ಚಕ್ರಕ್ಕೂ ನಡುವೆ ಕೂರಿಸುವ ಅಲ್ಯೂಮಿನಿಯಂ ಬಿಲ್ಲೆಗೆ ಸ್ಪೇಸರ್ ಅನ್ನುತ್ತಾರೆ. ಅದು ಎಷ್ಟು ದಪ್ಪ ಇದೆಯೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಇದರಲ್ಲಿ ಎರಡು ಬಗೆ. ತೆಳ್ಳಗಿನದನ್ನು ಗಾಡಿಯ ಮೂಲ ಸ್ಟಡ್‌ಗಳ (ಹಬ್‌ನಿಂದ ಚಾಚಿರುವ, ನಟ್ ಹಾಕುವ ಥ್ರೆಡ್ ಕಡ್ಡಿಗಳು) ಮೇಲೆ ತೂರಿಸಿ, ಅದರ ಮೇಲೆ ಚಕ್ರ ಹಾಕಿ ಬಿಗಿಯುತ್ತಾರೆ. ದಪ್ಪಗಿನದನ್ನು ಮೊದಲು ಹಬ್‌ಗೆ ನಟ್ ಹಾಕಿ ಬಿಗಿದು, ಆಮೇಲೆ ಸ್ಪೇಸರ್‌ನದೇ ಸ್ಟಡ್‌ಗಳಿಗೆ ಚಕ್ರ ಬಿಗಿಯುತ್ತಾರೆ.

ಪ್ರಶ್ನೆ: ನನ್ನದು ಟೊಯೋಟಾ ಹೈಲಕ್ಸ್. ಕಂಪನಿಯ 265/65 ಆರ್17 ಟೈರ್ ತೆಗೆಸಿ 285/70 ಆರ್17 ಹಾಕಿಸಿದ್ದೇನೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಉಜ್ಜುತ್ತದೆ. 30 ಎಂಎಂ ಸ್ಪೇಸರ್ ಹಾಕಿದರೆ ಸರಿಹೋಗುತ್ತೆ ಅಂತ ಟೈರ್ ಅಂಗಡಿಯವರು ಹೇಳುತ್ತಾರೆ. ಹಾಕಿಸಲಾ?
(ಸಕಲೇಶಪುರದ ಓದುಗರು)

ಉತ್ತರ: ಟೈರ್ ಎಲ್ಲಿ ಉಜ್ಜುತ್ತಿದೆ ಅಂತ ನೋಡದೆ ಯಾರೂ ಇದಕ್ಕೆ ಉತ್ತರ ಹೇಳಬಾರದು. ಟೈರಿನ ಎರಡೂ ಭುಜಗಳಿಗೆ ಸೀಮೆಸುಣ್ಣ ದಟ್ಟವಾಗಿ ಬಳಿಯಿರಿ. ಖಾಲಿ ಜಾಗದಲ್ಲಿ ನಿಧಾನವಾಗಿ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಓಡಿಸಿ. ಆಮೇಲೆ ಟಾರ್ಚ್ ಹಿಡಿದು ಸುಣ್ಣ ಎಲ್ಲಿ ಅಂಟಿದೆ ನೋಡಿ. ಒಳಗಡೆ ಚಾಸಿಗೋ ಸಸ್ಪೆನ್ಷನ್‌ನ ಮೇಲಿನ ಆರ್ಮ್‌ಗೋ ಅಂಟಿದ್ದರೆ ಸ್ಪೇಸರ್‌ನಿಂದ ಉಪಯೋಗ ಇದೆ. ಚಕ್ರದ ಹಿಂದೆ, ಪ್ಲಾಸ್ಟಿಕ್ ಲೈನರ್‌ಗೋ ಮಡ್‌ಫ್ಲ್ಯಾಪ್‌ಗೋ ಬಾಡಿ ಮೌಂಟ್‌ಗೋ (ಬಾಡಿ ಚಾಸಿಗೆ ಕೂರುವ ಜಾಗ) ಅಂಟಿದ್ದರೆ ಸ್ಪೇಸರ್ ಹಾಕಿದ ಮೇಲೆ ಉಜ್ಜುವುದು ಇನ್ನೂ ಜಾಸ್ತಿ ಆಗುತ್ತದೆ. ಚಕ್ರ ಹೊರಗೆ ಹೋದಷ್ಟೂ, ತಿರುಗುವಾಗ ಅದರ ಅಂಚು ಇನ್ನೂ ದೊಡ್ಡ ಸುತ್ತು ಹಾಕುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಲೆಕ್ಕ ಹಾಕೋಣ. ಟೈರ್ ಅಳತೆಯ ಮೊದಲ ಅಂಕಿ ಅಗಲ, ಎಂಎಂ ಲೆಕ್ಕದಲ್ಲಿ; ಎರಡನೆಯದು ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ; ಕೊನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ. ನಿಮ್ಮ ಹೊಸ ಟೈರ್ ಹಳೆಯದಕ್ಕಿಂತ 20 ಎಂಎಂ ಜಾಸ್ತಿ ಅಗಲ. ಅಂದರೆ ಒಳಗಡೆ 10, ಹೊರಗಡೆ 10. ಎತ್ತರ? ಹಳೆಯದರ ವ್ಯಾಸ ಸುಮಾರು 776 ಎಂಎಂ, ಹೊಸದರದ್ದು ಸುಮಾರು 831. ಸುತ್ತಲೂ 27 ಎಂಎಂ ದೊಡ್ಡದು. ನಿಮ್ಮ ತೊಂದರೆ ಅಗಲದ್ದಕ್ಕಿಂತ ಎತ್ತರದ್ದೇ ಇರಬೇಕು ಅಂತ ನನ್ನ ಅನುಮಾನ. ಒಳಗಡೆ ಹತ್ತು ಎಂಎಂ ಜಾಗ ಕಡಿಮೆಯಾಗಿದ್ದಕ್ಕೆ ಮೂವತ್ತು ಎಂಎಂ ಸ್ಪೇಸರ್ ಯಾಕೆ?

ಅಂಗಡಿಯಲ್ಲಿ 30 ಎಂಎಂ ಅಂತ ಹೇಳುವುದಕ್ಕೆ ಬೇರೆ ಕಾರಣ ಇದೆ. ಹಬ್‌ಗೆ ನಟ್ ಹಾಕಿ ಬಿಗಿಯುವ ಬಗೆಯ ಸ್ಪೇಸರ್ ತೀರಾ ತೆಳ್ಳಗಿದ್ದರೆ ಗಾಡಿಯ ಮೂಲ ಸ್ಟಡ್‌ಗಳ ತುದಿ ಅದರ ಮುಖದಿಂದ ಆಚೆ ಚಾಚುತ್ತದೆ. ಆಗ ಚಕ್ರ ಸಮನಾಗಿ ಕೂರುವುದಿಲ್ಲ. ಅದಕ್ಕೇ ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಇಂಥ ಸ್ಪೇಸರ್‌ಗಳು 25, 30, 38 ಎಂಎಂ ಇರುತ್ತವೆ. ಅದು ತಯಾರಿಸುವವರ ಅನುಕೂಲದ ಅಳತೆ. ನಿಮ್ಮ ಗಾಡಿಗೆ ಬೇಕಾದ ಅಳತೆ ಅದೇ ಆಗಿರಬೇಕು ಅಂತೇನಿಲ್ಲ.

ಆಫ್‌ಸೆಟ್ ಅಂತ ಒಂದಿದೆ. ಚಕ್ರದ ಬೆನ್ನಿನ ಮೇಲೆ ‘ಇಟಿ’ ಅಂತ ಅಚ್ಚಾಗಿರುತ್ತದೆ, ಪಕ್ಕದಲ್ಲಿ ಒಂದು ಅಂಕಿ. ಚಕ್ರದ ಅಗಲದ ನಟ್ಟನಡುವಿನಿಂದ ಅದು ಹಬ್‌ಗೆ ತಾಗುವ ಮುಖದವರೆಗಿನ ದೂರ ಅದು, ಎಂಎಂ ಲೆಕ್ಕದಲ್ಲಿ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬರುವ ನಿಮ್ಮ ಗಾಡಿಯ 17 ಇಂಚಿನ ಚಕ್ರದ್ದು ಸಾಮಾನ್ಯವಾಗಿ ಇಟಿ 30. ಅದಕ್ಕೆ 30 ಎಂಎಂ ಸ್ಪೇಸರ್ ಹಾಕಿದರೆ ಇಟಿ 0 ಆಗುತ್ತದೆ. ಅದೇ ಅಗಲದ ಇಟಿ 0 ಚಕ್ರವನ್ನೇ ಕೊಂಡು ಹಾಕಿದರೂ ಟೈರ್ ಕೂರುವ ಜಾಗ ಅದೇ. ಬೇರಿಂಗ್ ಮೇಲೆ ಬೀಳುವ ಹೊರೆ, ಸ್ಟಿಯರಿಂಗ್‌ಗೆ ಬರುವ ಎಳೆತ ಎರಡರಲ್ಲೂ ಒಂದೇ. ‘ಸ್ಪೇಸರ್ ಬೇರಿಂಗ್ ತಿನ್ನುತ್ತೆ, ಆಫ್‌ಸೆಟ್ ಚಕ್ರ ತಿನ್ನಲ್ಲ’ ಅನ್ನುವುದು ಸುಳ್ಳು. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಒಂದೊಂದು ಚಕ್ರಕ್ಕೂ ಆರು ನಟ್ ಇದ್ದದ್ದು ಸ್ಪೇಸರ್ ಹಾಕಿದ ಮೇಲೆ ಹನ್ನೆರಡು. ಅದರಲ್ಲಿ ಆರು ಕಣ್ಣಿಗೆ ಕಾಣುವುದಿಲ್ಲ, ಚಕ್ರ ಬಿಚ್ಚದೆ ಪಾನಾ ತಾಗುವುದೂ ಇಲ್ಲ. ನಾನು ಸ್ಪೇಸರ್ ಬೇಡ ಅಂತ ಜಾಸ್ತಿ ಸಲ ಹೇಳುವುದು ಈ ಆರು ನಟ್‌ಗಳ ದೆಸೆಯಿಂದಲೇ.

ನಿಮಗೆ ನನ್ನ ಸಲಹೆ: 265/70 ಆರ್17 ನೋಡಿ. ಅಗಲ ಹಳೆಯದೇ, ವ್ಯಾಸ ಸುಮಾರು 803 ಎಂಎಂ. ಕಾಫಿ ತೋಟದ ದಾರಿಗೆ ಅಷ್ಟು ಧಾರಾಳ ಸಾಕು. 285ನ್ನೇ ಇಟ್ಟುಕೊಳ್ಳುತ್ತೇನೆ ಅಂದರೆ, ಒಳಗಡೆ ಉಜ್ಜುವುದು ಖಾತ್ರಿಯಾದ ಮೇಲೆ ಸ್ವಲ್ಪ ಕಡಿಮೆ ಇಟಿಯ ಚಕ್ರ ಕೊಳ್ಳಿ. ದುಡ್ಡು ಜಾಸ್ತಿ ಆಗುತ್ತೆ, ನಿಜ.

ಪ್ರಶ್ನೆ: ಸ್ನೇಹಿತರ ಹೈಲಕ್ಸ್‌ನಿಂದ ತೆಗೆದ ಸ್ಪೇಸರ್ ಸೆಟ್ ಸುಮ್ನೆ ಬಿದ್ದಿದೆ. ನನ್ನದು ಇಸುಝು ವಿ-ಕ್ರಾಸ್. ಎರಡಕ್ಕೂ 6×139.7 ಅಂತೆ. ಹಾಗಾದರೆ ಕೂರುತ್ತೆ ಅಲ್ವಾ?
(ದಾವಣಗೆರೆಯ ಓದುಗರು)

ಉತ್ತರ: ತೂತುಗಳು ಕೂರುತ್ತವೆ. ನಡುವಿನ ರಂಧ್ರ ಕೂರುವುದಿಲ್ಲ.

6×139.7 ಅಂದರೆ ಆರು ಸ್ಟಡ್‌ಗಳು 139.7 ಎಂಎಂ ವ್ಯಾಸದ ವೃತ್ತದ ಮೇಲೆ ಇವೆ ಅಂತ. ಹೈಲಕ್ಸ್, ವಿ-ಕ್ರಾಸ್, ಹಳೆಯ ಫೋರ್ಡ್ ಎಂಡೆವರ್ ಎಲ್ಲಕ್ಕೂ ಅದೇ. ಆದರೆ ಹಬ್‌ನ ನಡುವೆ ಉಬ್ಬಿರುವ ಗುಂಡನೆಯ ಭಾಗ ಇರುತ್ತದಲ್ಲ, ಅದರ ಅಳತೆ ಬೇರೆ ಬೇರೆ. ಟೊಯೋಟಾದ್ದು 106.1 ಎಂಎಂ, ಇಸುಝುದ್ದು ಸುಮಾರು 100, ಎಂಡೆವರ್‌ನದು 93.1. ಹೈಲಕ್ಸ್‌ಗೆ ಸರಿಯಾಗಿ ಕೊರೆದ ಸ್ಪೇಸರ್ ನಿಮ್ಮ ಹಬ್ ಮೇಲೆ ಸುಮಾರು ಆರು ಎಂಎಂ ಸಡಿಲ. ನಿಮ್ಮ ಚಕ್ರದ ನಡುವಿನ ರಂಧ್ರವೂ ಆ ಸ್ಪೇಸರ್‌ನ ಹೊರ ಉಬ್ಬಿಗಿಂತ ಚಿಕ್ಕದು, ಹಾಗಾಗಿ ಅದರ ಮೇಲೆ ಚಕ್ರ ಕೂರುವುದೇ ಇಲ್ಲ. ‘ಲೇತ್‌ನಲ್ಲಿ ಒಂಚೂರು ತುರಿಸಿ ಕೊಡ್ತೀನಿ’ ಅಂತ ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ.

ಈ ಉಬ್ಬು ಚಕ್ರದ ಭಾರ ಹೊರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದರ ಮುಖ್ಯ ಕೆಲಸ ಚಕ್ರವನ್ನು ನಟ್ಟನಡುವೆ ಕೂರಿಸುವುದು. ಭಾರ ಹೊರುವುದು ಎರಡು ಮುಖಗಳ ನಡುವಿನ ಹಿಡಿತ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಎಂ12 ಸ್ಟಡ್‌ಗೆ (12 ಎಂಎಂ ದಪ್ಪದ್ದು) 110 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ಕೊಟ್ಟರೆ, ಥ್ರೆಡ್ ಒಣಗಿದ್ದರೆ, ಒಂದೊಂದೂ ಹತ್ತಿರ ಹತ್ತಿರ ನಾಲ್ಕೂವರೆ ಟನ್ ಬಲದಿಂದ ಒತ್ತುತ್ತದೆ. ಆರಕ್ಕೆ 27 ಟನ್. ಈ ಒತ್ತಡ ಇರುವ ತನಕ ಚಕ್ರ ಜಾರುವುದಿಲ್ಲ, ಸ್ಟಡ್ ಅಡ್ಡಕ್ಕೆ ಬಾಗುವುದೂ ಇಲ್ಲ. ಒತ್ತಡ ಸಡಿಲವಾದ ದಿನ ಚಕ್ರ ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ, ಸ್ಟಡ್‌ಗಳು ದಣಿದು ಒಂದೊಂದಾಗಿ ಮುರಿಯುತ್ತವೆ. ‘ಸ್ಪೇಸರ್ ಮುರಿದು ಚಕ್ರ ಕಳಚಿತು’ ಅನ್ನುವ ಎಷ್ಟೋ ಕತೆಗಳ ಹಿಂದೆ ಇರುವುದು ಈ ಸಡಿಲ ನಟ್.

ಹೊಸದನ್ನೇ ಕೊಳ್ಳುವುದಾದರೆ ನಿಮ್ಮ ಗಾಡಿಯ ಹಬ್ ಅಳತೆಗೇ ಕೊರೆದದ್ದು ಕೇಳಿ. 6061-ಟಿ6 ಅಥವಾ ಅದಕ್ಕಿಂತ ಗಟ್ಟಿ ಅಲ್ಯೂಮಿನಿಯಂನ ಫೋರ್ಜಿಂಗ್ (ಒತ್ತಿ ಬಡಿದು ರೂಪಿಸಿದ್ದು) ಇರಬೇಕು, ಎರಕ ಹೊಯ್ದದ್ದು ಬೇಡ. ಸ್ಟಡ್ ತಲೆಯ ಮೇಲೆ 10.9 ಅಂತ ಬಲದ ದರ್ಜೆಯ ಗುರುತಿರಲಿ. ಜರ್ಮನಿಯ ತಪಾಸಣಾ ಸಂಸ್ಥೆ ಟಿಯುವಿಯ ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಆದರೆ ಡಬ್ಬಿಯ ಮೇಲಿನ ಸ್ಟಿಕ್ಕರ್ ನೋಡಿ ನಂಬಬೇಡಿ, ಯಾವ ಗಾಡಿಗೆ ಯಾವ ದಪ್ಪಕ್ಕೆ ಅನ್ನುವ ಕಾಗದ ಕೇಳಿ. ಮುಖದ ಮೇಲೆ ದಪ್ಪಗೆ ಪೌಡರ್ ಕೋಟಿಂಗ್ ಬಳಿದು ಕೆಂಪು ಹಚ್ಚಿದ್ದು ಚೆನ್ನಾಗಿ ಕಾಣುತ್ತೆ, ನಿಜ. ಆ ಬಣ್ಣ ಬಿಸಿಗೂ ಒತ್ತಡಕ್ಕೂ ಸವೆದು ತೆಳ್ಳಗಾದರೆ ಬಿಗಿತವೂ ಅಷ್ಟೇ ಕಡಿಮೆಯಾಗುತ್ತದೆ.

ಪ್ರಶ್ನೆ: ಸರಿಯಾದ ಸ್ಪೇಸರ್ ಸಿಕ್ಕಿದೆ, ಹಬ್ ಅಳತೆಯೂ ಹೊಂದುತ್ತೆ. ಮನೆಯಲ್ಲೇ ಹಾಕಿಕೊಳ್ಳಬಹುದಾ? ಯಾವುದಕ್ಕೆ ಗಮನ ಕೊಡಬೇಕು?
(ಹುಬ್ಬಳ್ಳಿಯ ಓದುಗರು)

ಉತ್ತರ: ಟಾರ್ಕ್ ರೆಂಚ್ (ಎಷ್ಟು ಬಿಗಿಯುತ್ತಿದ್ದೀರಿ ಅಂತ ಅಳೆಯುವ ಪಾನಾ) ಇದ್ದರೆ ಹಾಕಿಕೊಳ್ಳಬಹುದು. ಇಲ್ಲದಿದ್ದರೆ ಬೇಡ. ಇದರಲ್ಲಿ ರಾಜಿ ಇಲ್ಲ.

ಪಂಕ್ಚರ್ ಅಂಗಡಿಯಲ್ಲಿ ಪಾನಾಕ್ಕೆ ಪೈಪ್ ಸಿಕ್ಕಿಸಿ ಅದರ ಮೇಲೆ ನಿಂತು ಕುಪ್ಪಳಿಸುವವರನ್ನು ನೋಡಿರುತ್ತೀರಿ. 70 ಕೆಜಿ ಮನುಷ್ಯ ಒಂದು ಮೀಟರ್ ಪೈಪಿನ ತುದಿಯಲ್ಲಿ ಸುಮ್ಮನೆ ನಿಂತರೇ ಸುಮಾರು 690 ನ್ಯೂಟನ್ ಮೀಟರ್. ಬೇಕಾದ್ದರ ಆರು ಪಟ್ಟು. ಸ್ಟಡ್ ಅಲ್ಲೇ ಮುರಿಯದಿದ್ದರೂ ಎಳೆದು ಉದ್ದವಾಗಿರುತ್ತದೆ, ಮತ್ತೆ ಹಿಡಿತ ಬರುವುದಿಲ್ಲ. ಏರ್ ಗನ್ ಕೂಡ ಅಷ್ಟೇ ಕುರುಡು. ಬಿಚ್ಚುವುದಕ್ಕೆ ಇರಲಿ, ಕೊನೆಯ ಬಿಗಿತಕ್ಕೆ ಬೇಡ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಬೇರೆ ಚಕ್ರಗಳಿಗೆ ಕಲ್ಲು ಕೊಡಿ. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ.

ಚಕ್ರ ತೆಗೆದ ಮೇಲೆ ಸ್ಟಡ್‌ಗಳನ್ನು ನೋಡಿ. ಕಾರ್ಖಾನೆಯಲ್ಲಿ ಡ್ರಮ್ ಜಾರದಿರಲಿ ಅಂತ ಒಂದೆರಡು ಸ್ಟಡ್‌ಗೆ ತೆಳ್ಳನೆಯ ತಗಡಿನ ಕ್ಲಿಪ್ ಒತ್ತಿರುತ್ತಾರೆ. ಅದು ಉಳಿದರೆ ಸ್ಪೇಸರ್ ಅದರ ಮೇಲೆ ಕೂತು ಓರೆಯಾಗುತ್ತದೆ. ಕಿತ್ತು ಹಾಕಿ. ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ತಿಕ್ಕಿ ಬರೀ ಲೋಹ ಕಾಣಿಸಬೇಕು. ನಡುವಿನ ಉಬ್ಬಿನ ಬುಡದಲ್ಲಿ ಕೂಡುವ ತುಕ್ಕನ್ನು ಬಹಳ ಜನ ಬಿಡುತ್ತಾರೆ. ಸ್ಪೇಸರ್ ಆತು ಕೂರದೆ ಇರುವುದು ಅಲ್ಲೇ.

ಈಗ ಸ್ಪೇಸರನ್ನು ನಟ್ ಇಲ್ಲದೆ ಕೈಯಲ್ಲಿ ಒತ್ತಿ ಕೂರಿಸಿ. ಅಂಚನ್ನು ಹಿಡಿದು ಅಲ್ಲಾಡಿಸಿ. ಅಲ್ಲಾಡಬಾರದು, ಸುತ್ತಲೂ ಬೆಳಕು ತೂರಬಾರದು. ಅಲ್ಲಾಡಿದರೆ ನಟ್ ಬಿಗಿದು ಸರಿಮಾಡೋಣ ಅಂತ ಹೋಗಬೇಡಿ, ಕಾರಣ ಹುಡುಕಿ.

ಒಳಗಿನ ನಟ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಸುತ್ತು ಎಣಿಸಿ. ನಟ್ ಹಿಡಿದಿರುವ ಥ್ರೆಡ್ ಕನಿಷ್ಠ ಸ್ಟಡ್‌ನ ದಪ್ಪದಷ್ಟು ಇರಲಿ. ಎಂ12×1.5 ಸ್ಟಡ್‌ಗೆ (ಒಂದು ಸುತ್ತಿಗೆ ನಟ್ 1.5 ಎಂಎಂ ಸರಿಯುತ್ತದೆ) ಅದು 12 ಎಂಎಂ, ಅಂದರೆ ಎಂಟು ಪೂರ್ತಿ ಸುತ್ತು. ತೆಳ್ಳನೆಯ ತೂರಿಸುವ ಬಿಲ್ಲೆಗಳಲ್ಲಿ ಎಡವುವುದು ಇಲ್ಲೇ. 5 ಎಂಎಂ ಬಿಲ್ಲೆ ಹಾಕಿದರೆ 5 ಎಂಎಂ ಥ್ರೆಡ್ ಕಡಿಮೆಯಾಯಿತು. ಎಂಟು ಸುತ್ತು ಸಿಗದಿದ್ದರೆ ಉದ್ದನೆಯ ಸ್ಟಡ್ ಹಾಕಿಸಬೇಕು, ಇಲ್ಲವೇ ಆ ಬಿಲ್ಲೆ ಬಿಡಬೇಕು. ಎರಡು ಬಿಲ್ಲೆ ಒಂದರ ಮೇಲೊಂದು ಹಾಕುವ ಮಾತೇ ಬೇಡ.

ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಟಾರ್ಕ್ ಸಾಮಾನ್ಯವಾಗಿ ಒಣ ಥ್ರೆಡ್‌ನ ಲೆಕ್ಕ. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಎಷ್ಟೋ ಜಾಸ್ತಿ ಹಿಗ್ಗುತ್ತದೆ. ಹಬ್‌ನ ಉಬ್ಬಿಗೆ ಮಾತ್ರ ತಾಮ್ರದ ಪೇಸ್ಟ್ ತೆಳ್ಳಗೆ ಸವರಿ, ಮುಂದೆ ಬಿಚ್ಚಲು ಸುಲಭ.

ಎದುರುಬದುರು ನಟ್‌ಗಳನ್ನು ಮೂರು ಹಂತದಲ್ಲಿ ಬಿಗಿಯಿರಿ. ಹಬ್ ತಿರುಗದಿರಲು ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ. ಒಳಗಿನ ನಟ್‌ಗೆ ಸ್ಪೇಸರ್ ತಯಾರಿಸಿದವರು ಕೊಟ್ಟ ಟಾರ್ಕ್, ಹೊರಗಿನದಕ್ಕೆ ಗಾಡಿಯ ಮ್ಯಾನ್ಯುಯಲ್‌ನದು. ಬಿಗಿದ ಮೇಲೆ ನಟ್‌ನಿಂದ ಸ್ಪೇಸರ್ ಮುಖಕ್ಕೆ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ, ಸರಿದಿದ್ದರೆ ಗೊತ್ತಾಗುತ್ತೆ. ಮೂಲ ಸ್ಟಡ್‌ನ ತುದಿಯಾಗಲಿ ಒಳಗಿನ ನಟ್ ಆಗಲಿ ಸ್ಪೇಸರ್ ಮುಖದಿಂದ ಹೊರಗೆ ಚಾಚಿದ್ದರೆ, ಆ ಜಾಗದಲ್ಲಿ ಚಕ್ರದ ಬೆನ್ನಿಗೆ ಗುಳಿ ಇದೆಯಾ ಅಂತ ಅಳೆದು ನೋಡಿ. ಗುಳಿ ಇಲ್ಲದಿದ್ದರೆ ಆ ದಪ್ಪ ನಿಮ್ಮ ಚಕ್ರಕ್ಕೆ ಆಗುವುದಿಲ್ಲ.

ನಟ್‌ನ ಆಕಾರವೂ ನೋಡಿ. ಟೊಯೋಟಾದ ಹಲವು ಅಲಾಯ್ ಚಕ್ರಗಳಿಗೆ ವಾಷರ್ ಇರುವ ಚಪ್ಪಟೆ ನಟ್ ಬೇಕು. ಸ್ಪೇಸರ್ ಜೊತೆ ಬರುವುದು ಸಾಮಾನ್ಯವಾಗಿ ಶಂಕುವಿನಂತೆ ಚೂಪಾದದ್ದು. ಚಪ್ಪಟೆ ಜಾಗಕ್ಕೆ ಚೂಪು ನಟ್ ಹಾಕಿದರೆ ಅದು ಒಂದು ಗೆರೆಯಷ್ಟು ಅಂಚಿನ ಮೇಲೆ ಮಾತ್ರ ಕೂರುತ್ತದೆ. ಬಿಗಿಯಾದಂತೆ ಕಾಣುತ್ತದೆ, ನೂರು ಕಿಲೋಮೀಟರ್‌ಗೆ ಸಡಿಲ. ಸ್ಟೆಪ್ನಿ ಕಬ್ಬಿಣದ್ದಾದರೆ ಅದಕ್ಕೆ ಬೇಕಾದ ನಟ್ ಸೆಟ್ ಬೇರೆ, ಗಾಡಿಯಲ್ಲೇ ಇಟ್ಟುಕೊಳ್ಳಿ.

50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಚಕ್ರ ಬಿಚ್ಚಿ ಒಳಗಿನ ಆರನ್ನೂ ಮತ್ತೆ ಟಾರ್ಕ್ ನೋಡಿ. ಹೊರಗಿನದನ್ನು ಮಾತ್ರ ನೋಡಿ ಬಿಡುವುದು ಅರ್ಧ ಕೆಲಸ. ಆಮೇಲೆ ಪ್ರತಿ ಸಲ ಟೈರ್ ರೊಟೇಷನ್ ಮಾಡಿಸುವಾಗಲೂ ಅದೇ. ಇಷ್ಟು ಮಾಡುವ ವ್ಯವಧಾನ ಇಲ್ಲದವರು ಸ್ಪೇಸರ್ ಹಾಕಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮದು ಬಾಡಿಗೆಗೆ ಓಡುವ ಪಿಕಪ್. ಸೀಸನ್‌ನಲ್ಲಿ ಮೆಣಸಿನಕಾಯಿ ಚೀಲ ಎತ್ತರಕ್ಕೆ ಪೇರಿಸಿದಾಗ ತಿರುವಿನಲ್ಲಿ ಗಾಡಿ ವಾಲಾಡುತ್ತದೆ. ಹಿಂದಿನ ಚಕ್ರಕ್ಕೆ ಸ್ಪೇಸರ್ ಹಾಕಿದರೆ ನಿಲ್ಲುತ್ತಾ?
(ಬ್ಯಾಡಗಿಯ ಓದುಗರು)

ಉತ್ತರ: ನಿಲ್ಲುವುದಿಲ್ಲ. ಲೋಡ್ ಗಾಡಿಗೆ ಸ್ಪೇಸರ್ ಬೇಡವೇ ಬೇಡ.

ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಗಟ್ಟಿ ದೂಲ. ಅದರ ಮೇಲೆ ಎರಡು ಪಟ್ಟಾ ಸ್ಪ್ರಿಂಗ್. ಬಾಡಿ ವಾಲುವುದು ಆ ಸ್ಪ್ರಿಂಗ್‌ಗಳ ಮೇಲೆ. ಎಷ್ಟು ವಾಲುತ್ತೆ ಅನ್ನುವುದು ಎರಡು ಸ್ಪ್ರಿಂಗ್‌ಗಳ ನಡುವಿನ ದೂರ, ಅವುಗಳ ಬಿಗಿ, ಲೋಡಿನ ಎತ್ತರ ಇವುಗಳ ಮೇಲೆ ನಿಂತಿದೆ. ಚಕ್ರ ಎಷ್ಟು ಹೊರಗೆ ಸರಿದರೂ ಸ್ಪ್ರಿಂಗ್ ಇದ್ದ ಜಾಗದಲ್ಲೇ ಇರುತ್ತದೆ. ಪೂರ್ತಿ ಮಗುಚಿ ಬೀಳುವುದಕ್ಕೆ ಚೂರು ತಡೆ ಸಿಗಬಹುದು, ಅದಕ್ಕೆ ಬದಲಾಗಿ ತುಂಬಿದ ಲೋಡು ಬೇರಿಂಗ್‌ನಿಂದ ಇನ್ನಷ್ಟು ದೂರಕ್ಕೆ ಹೋಗುತ್ತದೆ. ಒಂದು ಹಿಂದಿನ ಚಕ್ರದ ಮೇಲೆ ಟನ್ ಭಾರ ಇದ್ದು 30 ಎಂಎಂ ಹೊರಗೆ ಸರಿಸಿದರೆ, ಗಾಡಿ ನಿಂತಿದ್ದಾಗಲೂ ಬೇರಿಂಗ್‌ಗೆ ಹೆಚ್ಚುವರಿ 300 ನ್ಯೂಟನ್ ಮೀಟರ್ ತಿರುಚು.

ನಿಮ್ಮ ತೊಂದರೆ ಬೇರೆ ಕಡೆ ಇದೆ. ಒಣಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುವ ಸರಕು. ತೂಕ ಮಿತಿಯೊಳಗೇ ಇದ್ದರೂ ಎತ್ತರ ಏರಿರುತ್ತದೆ. ಒಂದು ಸಾಲು ಕಡಿಮೆ ಪೇರಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯಾ ನೋಡಿ, ಪಟ್ಟಾ ಬಿರುಕು ಬಿಟ್ಟಿದೆಯಾ ನೋಡಿ, ಯು-ಬೋಲ್ಟ್ ಬಿಗಿಸಿ. ಲೋಡಿಗೆ ತಕ್ಕ ಗಾಳಿ ಒತ್ತಡ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆಯೇ ವಾಲಾಡುತ್ತದೆ. ಇನ್ನು ಸ್ಪೇಸರ್ ಹಾಕಿದ ಬಾಡಿಗೆ ಗಾಡಿಯನ್ನು ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ತೆಗೆದುಕೊಂಡು ಹೋದರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ಸ್ಪೇಸರ್ ಬಿಚ್ಚಿ ತೆಗೆಯಬಹುದಾದ ಸಾಮಾನು, ಹಾಗಾಗಿ ಕಾನೂನಿನ ತೊಂದರೆ ಇಲ್ಲ ಅಂತಾರೆ. ನಿಜಾನಾ?
(ಬೆಂಗಳೂರಿನ ಓದುಗರು)

ಉತ್ತರ: ಆ ಮಾತನ್ನು ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರದ 182ಎ ಕಲಂನಲ್ಲಿ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದೊಡ್ಡ ಟೈರ್ ಹಾಕಿರುವವರೂ ಇದನ್ನು ಓದಿಕೊಳ್ಳಿ. ಟೈರ್ ಮಡ್‌ಗಾರ್ಡ್‌ನಿಂದ ಆಚೆ ಬಂದಿದ್ದರೆ ಯಾರ ಕಣ್ಣಿಗೂ ಬೀಳುತ್ತದೆ, ಹಿಂದೆ ಬರುವವರ ಗಾಜಿಗೆ ಕಲ್ಲೂ ಹಾರುತ್ತದೆ. ಪೊಲೀಸರಿಗಿಂತ ದೊಡ್ಡ ತಲೆನೋವು ವಿಮೆ. ಅಪಘಾತವಾದಾಗ ಸರ್ವೇಯರ್ ಮೊದಲು ಹುಡುಕುವುದು ಇಂಥದ್ದನ್ನೇ. ಎಸ್ಟೇಟ್ ಒಳಗೆ, ಟ್ರ್ಯಾಕ್ ಮೇಲೆ ಓಡಿಸುವ ಗಾಡಿಯ ಮಾತು ಬೇರೆ.

ಪ್ರಶ್ನೆ: ಸ್ಪೇಸರ್ ಹಾಕಿಸಿದ ಮೇಲೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದೆ.
(ಮೈಸೂರಿನ ಓದುಗರು)

ಉತ್ತರ: ಮೂರನೇ ಸಲ ಮಾಡಿಸಬೇಡಿ, ಓಡಿಸುವುದನ್ನೂ ನಿಲ್ಲಿಸಿ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಚಕ್ರ ಮಾತ್ರ ಕೂರುತ್ತದೆ, ಸ್ಪೇಸರ್ ಅಲ್ಲಿ ಇರುವುದಿಲ್ಲ. ಚಕ್ರ ಬಿಚ್ಚಿ. ನಟ್‌ಗಳ ಸುತ್ತ ಬೂದು ಬಣ್ಣದ ಪುಡಿಯೋ ತುಕ್ಕಿನ ಗೆರೆಯೋ ಇದೆಯಾ, ಚಕ್ರದ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯಾ ನೋಡಿ. ಇದ್ದರೆ ಒಳಗೆ ಏನೋ ಸರಿದಾಡುತ್ತಿದೆ. ಆ ಸ್ಪೇಸರ್, ಆ ಸ್ಟಡ್‌ಗಳು ಎರಡನ್ನೂ ಎಸೆಯಿರಿ. ತೂತು ಹಿಗ್ಗಿದ್ದರೆ ಚಕ್ರವನ್ನೂ. ಅಂಥದ್ದೇನೂ ಇಲ್ಲದಿದ್ದರೆ ನಡುವಿನ ರಂಧ್ರದ ಅಳತೆ ನೋಡಿ. ಹೊರಗಿನಿಂದ ಕೊಂಡ ಅಲಾಯ್ ಚಕ್ರಗಳ ರಂಧ್ರ ಬಹಳ ಸಲ ದೊಡ್ಡದಿರುತ್ತದೆ, ಅಂಥದ್ದಕ್ಕೆ ಅಳತೆಯ ಸೆಂಟರಿಂಗ್ ರಿಂಗ್ ಸಿಗುತ್ತದೆ. ಎಡ ಬಲ ಎರಡರಲ್ಲೂ ಸ್ಪೇಸರ್ ಒಂದೇ ದಪ್ಪ ಇದೆಯಾ ಅಂತ ಕ್ಯಾಲಿಪರ್ ಹಿಡಿದು ನೋಡುವುದನ್ನೂ ಮರೆಯಬೇಡಿ.

ಪ್ರಶ್ನೆ: ಸ್ಪೇಸರ್ ಹಬ್‌ಗೆ ಕಚ್ಚಿಕೊಂಡಿದೆ, ನಟ್ ತೆಗೆದರೂ ಬರುತ್ತಿಲ್ಲ. ಸಮುದ್ರದ ಪಕ್ಕದ ಊರು.
(ಕುಂದಾಪುರದ ಓದುಗರು)

ಉತ್ತರ: ಉಪ್ಪು ಗಾಳಿಯಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ್ದರೆ ಹೀಗಾಗುತ್ತದೆ. ನಡುವಿನ ಉಬ್ಬಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬ್ರೇಕ್ ಡಿಸ್ಕ್, ಡ್ರಮ್ ಲೈನಿಂಗ್‌ಗೆ ತಾಗದಂತೆ ಬಟ್ಟೆ ಮುಚ್ಚಿ. ಮರುದಿನ ರಬ್ಬರ್ ಸುತ್ತಿಗೆಯಿಂದ ಅಂಚಿಗೆ ಸುತ್ತಲೂ ತಟ್ಟಿ. ಸ್ಪೇಸರ್‌ನಲ್ಲಿ ಥ್ರೆಡ್ ಇರುವ ಖಾಲಿ ತೂತುಗಳಿದ್ದರೆ ಅವು ಇದಕ್ಕೇ ಇರುವುದು. ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಹಬ್‌ನಿಂದ ಎದ್ದು ಬರುತ್ತದೆ. ನಟ್ ಸಡಿಲ ಬಿಟ್ಟು ಗಾಡಿಯನ್ನು ಹಿಂದೆ ಮುಂದೆ ಓಡಿಸಿ ಬಿಡಿಸುವ ಉಪಾಯ ಹೇಳುವವರಿದ್ದಾರೆ. ಅದು ಬೇಡ, ಥ್ರೆಡ್ ಹಾಳಾಗುತ್ತದೆ. ಮತ್ತೆ ಹಾಕುವ ಮುಂಚೆ ಸ್ಟಡ್‌ಗಳ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆಯಿರಿ. ಕರಾವಳಿಯವರು ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಬಿಚ್ಚಿ ಒರೆಸಿದರೆ ಈ ಕಷ್ಟ ಬರುವುದಿಲ್ಲ.